ಫ್ಯಾಟಿ ಲಿವರ್‌ನಿಂದ ಕ್ಯಾನ್ಸರ್‌ವರೆಗೆ: ಸ್ಕ್ಯಾನಿಂಗ್ ರಿಪೋರ್ಟ್ ಹೇಳದೆ ಬಿಡುವ ಮಾತು

ಮೂತ್ರದ ಕಲ್ಲು ಇರಬಹುದೆಂದೋ, ಹೊಟ್ಟೆ ಉಬ್ಬರವೆಂದೋ, ಕಂಪನಿಯವರು ಮಾಡಿಸುವ ಹೆಲ್ತ್ ಚೆಕಪ್ ಎಂದೋ ಸ್ಕ್ಯಾನಿಂಗ್‌ಗೆ ಹೋದವರ ರಿಪೋರ್ಟಿನಲ್ಲಿ ಇವತ್ತು ಪದೇ ಪದೇ ಕಾಣುವ ಸಾಲು ‘ಗ್ರೇಡ್ 1 ಫ್ಯಾಟಿ ಲಿವರ್’. ಕೆಲವೊಮ್ಮೆ ಅದು ಗ್ರೇಡ್ 2. ಅದನ್ನು ನೋಡಿದವರಲ್ಲಿ ಹೆಚ್ಚಿನವರು ‘ಈಗ ಎಲ್ಲರಿಗೂ ಇರುತ್ತೆ ಬಿಡಿ’ ಎಂದು ಕಾಗದ ಮಡಚಿ ಇಡುತ್ತಾರೆ. ಕೆಲವರು ರಾತ್ರಿಯಿಡೀ ಮೊಬೈಲ್‌ನಲ್ಲಿ ಹುಡುಕಿ, ಲಿವರ್ ಕ್ಯಾನ್ಸರ್ ಬಂದೇ ಬಿಟ್ಟಿತು ಎಂದು ಹೆದರುತ್ತಾರೆ. ಅಸಡ್ಡೆಗೂ ಹೆದರಿಕೆಗೂ ಕಾರಣ ಒಂದೇ. ಲಿವರ್‌ನಲ್ಲಿ ಕೊಬ್ಬು ಎಷ್ಟು ತುಂಬಿದೆ ಎಂಬುದನ್ನಷ್ಟೇ ಗ್ರೇಡ್ ಅಂದಾಜಾಗಿ ಹೇಳುತ್ತದೆ. ಕ್ಯಾನ್ಸರ್‌ನ ಅಪಾಯವನ್ನು ಅಳೆಯುವುದು ಕೊಬ್ಬಿನಿಂದಲ್ಲ, ಲಿವರ್ ಎಷ್ಟು ನಾರುಗಟ್ಟಿದೆ ಎಂಬುದರಿಂದ. ಆ ಮಾತು ಮಾಮೂಲಿ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇರುವುದಿಲ್ಲ.

ಮೊದಲು ಈ ಕಾಯಿಲೆ ಎಷ್ಟು ಹರಡಿದೆ ನೋಡೋಣ. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 30 ಮಂದಿಗೆ ಫ್ಯಾಟಿ ಲಿವರ್ ಇದೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ದೆಹಲಿಯ ಏಮ್ಸ್ ತಜ್ಞರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಇದು ಸುಮಾರು ಶೇ 38. ಹೈದರಾಬಾದ್‌ನ ಐಟಿ ನೌಕರರ ಮೇಲಿನ ಅಧ್ಯಯನವೊಂದು 2025ರಲ್ಲಿ ಬಂತು. ಪರೀಕ್ಷೆಗೆ ಒಳಗಾದ 345 ಮಂದಿಯಲ್ಲಿ ಶೇ 84 ಜನರ ಲಿವರ್‌ನಲ್ಲಿ ಕೊಬ್ಬು ಹೆಚ್ಚಿತ್ತು. ಅದೇ ಕುರ್ಚಿ, ಅದೇ ರಾತ್ರಿ ಪಾಳಿ, ಅದೇ ಡೆಲಿವರಿ ಊಟದ ಬೆಂಗಳೂರಿನ ಮಟ್ಟಿಗೂ ಈ ಅಂಕಿಯನ್ನು ಪಕ್ಕದೂರಿನ ಸುದ್ದಿ ಎಂದು ತಳ್ಳಿಹಾಕಲಾಗದು.

ಇನ್ನು ಲಿವರ್ ಕ್ಯಾನ್ಸರ್. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.66 ಲಕ್ಷ ಮಂದಿಗೆ ಹೊಸದಾಗಿ ಬಂತು, ಸುಮಾರು 7.58 ಲಕ್ಷ ಮಂದಿ ತೀರಿಕೊಂಡರು. ಕ್ಯಾನ್ಸರ್ ಸಾವುಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಬಂದವರ ಸಂಖ್ಯೆಗೂ ಹೋದವರ ಸಂಖ್ಯೆಗೂ ಇಷ್ಟು ಕಡಿಮೆ ಅಂತರ ಇರುವುದೇ ಈ ರೋಗ ಎಷ್ಟು ತಡವಾಗಿ ಸಿಕ್ಕಿಬೀಳುತ್ತದೆ ಎಂಬುದಕ್ಕೆ ಸಾಕ್ಷಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ ಇದರ ಹಳೆಯ ಕಾರಣಗಳು. ಹೆಪಟೈಟಿಸ್ ಬಿ ಲಸಿಕೆಯನ್ನು 1984ರಲ್ಲೇ ನವಜಾತ ಶಿಶುಗಳಿಗೆ ಕೊಡಲು ಶುರುಮಾಡಿದ ತೈವಾನ್‌ನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಆ ಲಸಿಕೆ 2011ರ ಹೊತ್ತಿಗೆ ನಮ್ಮ ದೇಶದ ಲಸಿಕಾ ಕಾರ್ಯಕ್ರಮದಲ್ಲೂ ಎಲ್ಲೆಡೆ ಸಿಗುವಂತಾಯಿತು. ಹೆಪಟೈಟಿಸ್ ಸಿ ಈಗ ಕೆಲವೇ ವಾರಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ವೈರಸ್‌ಗಳ ಪಾಲು ಹೀಗೆ ಇಳಿಯುವ ದಾರಿಯಲ್ಲಿರುವಾಗ ಮೇಲೇರುತ್ತಿರುವುದು ಕೊಬ್ಬಿನ ಪಾಲು.

ಕುಡಿಯದವರ ಲಿವರ್ ಕೂಡ ಕುಡುಕರ ಲಿವರ್‌ನಂತೆ ಹಾಳಾಗಬಹುದು ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡದ್ದು ತಡವಾಗಿ. ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ 1980ರಲ್ಲಿ 20 ರೋಗಿಗಳ ಲಿವರ್ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಮದ್ಯ ಮುಟ್ಟದವರಲ್ಲೂ ಅದೇ ಕೊಬ್ಬು, ಅದೇ ಉರಿಯೂತ, ಅದೇ ನಾರು ಇರುವುದನ್ನು ವಿವರಿಸಿ ಅದಕ್ಕೆ ‘ನ್ಯಾಶ್’ ಎಂದು ಹೆಸರಿಟ್ಟರು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಫ್ಯಾಟಿ ಲಿವರ್ ಅನ್ನೇ ಚಯಾಪಚಯದ ಏರುಪೇರಿನ ಕಾಯಿಲೆ ಎಂದು ಮರುನಾಮಕರಣ ಮಾಡಿದರು. ಹೊಸ ವ್ಯಾಖ್ಯೆಯ ಪ್ರಕಾರ ಲಿವರ್‌ನ ಕೊಬ್ಬಿನ ಜೊತೆಗೆ ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬಿನ ಏರುಪೇರು ಇವುಗಳಲ್ಲಿ ಒಂದಾದರೂ ಇರಬೇಕು. ಶುಗರ್, ಬಿಪಿ, ಬೊಜ್ಜಿನ ಬೇರೇ ಲಿವರ್‌ನ ಕಾಯಿಲೆಗೂ ಬೇರು ಎಂಬುದು ಇದರಿಂದ ಸ್ಪಷ್ಟವಾಯಿತು.

ಲಿವರ್‌ಗೆ ಕೊಬ್ಬು ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಎಲ್ಲರೂ ಕೊಡುವ ಸಲಹೆ ‘ಎಣ್ಣೆ ಪದಾರ್ಥ ಬಿಡಿ’. 2005ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ ಕೆಲವರಿಗೆ ಗುರುತು ಹಚ್ಚಿದ ಕೊಬ್ಬಿನ ಕಣಗಳನ್ನು ಕೊಟ್ಟು ನಡೆಸಿದ ಪ್ರಯೋಗ ಇದನ್ನು ನೇರವಾಗಿ ಅಳೆಯಿತು. ಲಿವರ್‌ನ ಕೊಬ್ಬಿನಲ್ಲಿ ಊಟದ ಕೊಬ್ಬಿನಿಂದ ಬಂದದ್ದು ಶೇ 15 ಮಾತ್ರ. ಶೇ 26ರಷ್ಟನ್ನು ಲಿವರ್ ತಾನೇ ಸಕ್ಕರೆ, ಪಿಷ್ಟದಂಥ ಆಹಾರದಿಂದ ತಯಾರಿಸಿಕೊಂಡಿತ್ತು. ಉಳಿದ ಶೇ 59 ರಕ್ತದಲ್ಲಿ ತೇಲಿಬಂದ ಕೊಬ್ಬಿನಾಮ್ಲಗಳು; ಅವುಗಳ ಮುಖ್ಯ ಮೂಲ ಮೈಯಲ್ಲೇ ಶೇಖರವಾಗಿದ್ದ ಬೊಜ್ಜು. ಇನ್ಸುಲಿನ್‌ನ ಮಾತು ನಡೆಯುವ ದೇಹದಲ್ಲಿ ಊಟವಾದ ಮೇಲೆ ಬೊಜ್ಜಿನ ಕೋಶಗಳು ಕೊಬ್ಬನ್ನು ಹಿಡಿದಿಟ್ಟುಕೊಳ್ಳುತ್ತವೆ. ಇನ್ಸುಲಿನ್‌ಗೆ ಮೈ ಬಗ್ಗದಿದ್ದಾಗ ಅವು ಹಗಲೂ ರಾತ್ರಿ ಸೋರುತ್ತವೆ, ಸೋರಿದ್ದು ಲಿವರ್‌ಗೆ ಸೇರುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಏರಿದ ಇನ್ಸುಲಿನ್, ಸಕ್ಕರೆಯನ್ನು ಕೊಬ್ಬು ಮಾಡು ಎಂದು ಲಿವರ್‌ಗೆ ಹೇಳುತ್ತಲೇ ಇರುತ್ತದೆ. ತಂಪುಪಾನೀಯ, ಪ್ಯಾಕೆಟ್ ಜ್ಯೂಸ್, ಬೇಕರಿ ತಿಂಡಿಯಲ್ಲಿರುವ ಫ್ರಕ್ಟೋಸ್ ಹೆಚ್ಚೂ ಕಡಿಮೆ ನೇರವಾಗಿ ಲಿವರ್‌ಗೇ ಹೋಗಿ ಈ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಐಸಿಎಂಆರ್‌ನ ದೊಡ್ಡ ಸಮೀಕ್ಷೆಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಬರುವುದು ಕಾರ್ಬೋಹೈಡ್ರೇಟ್‌ನಿಂದ. ಬೋಂಡ ಬಿಟ್ಟೆ ಎಂದುಕೊಂಡು ತಟ್ಟೆ ತುಂಬ ಬಿಳಿ ಅನ್ನ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ ಮುಂದುವರಿಸಿದವರ ಲಿವರ್ ಯಾಕೆ ತಿಳಿಯಾಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಕೊಬ್ಬು ಸುಮ್ಮನೆ ಕುಳಿತಿದ್ದರೆ ಅಷ್ಟು ಚಿಂತೆಯಿಲ್ಲ. ಹೆಚ್ಚಿನವರಲ್ಲಿ ಅದು ಹಾಗೆಯೇ ಇರುತ್ತದೆ. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಮಾತ್ರ ಕಥೆ ಮುಂದುವರಿಯುತ್ತದೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳು ಬಂದ ಕೊಬ್ಬನ್ನೆಲ್ಲ ಉರಿಸಲಾರದೆ ಸುಸ್ತಾದಾಗ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಕೋಶವನ್ನೂ ಅದರ ಡಿಎನ್ಎಯನ್ನೂ ಗಾಸಿ ಮಾಡುತ್ತವೆ. ಕೋಶ ಬಲೂನಿನಂತೆ ಊದಿಕೊಂಡು ಸಾಯುತ್ತದೆ, ಸತ್ತದ್ದನ್ನು ತೆಗೆಯಲು ಉರಿಯೂತದ ಕೋಶಗಳು ಬರುತ್ತವೆ. ಈ ಗಲಾಟೆಗೆ ಎಚ್ಚರಗೊಳ್ಳುವುದು ಸ್ಟೆಲ್ಲೇಟ್ ಎಂಬ ನಕ್ಷತ್ರಾಕಾರದ ಕೋಶ. ಮಾಮೂಲಿ ದಿನಗಳಲ್ಲಿ ಅದರ ಕೆಲಸ ವಿಟಮಿನ್ ಎ ಕೂಡಿಡುವುದು. ಗಾಯದ ಸಂಕೇತ ಸಿಕ್ಕಿದೊಡನೆ ಅದು ರೂಪ ಬದಲಿಸಿ ಕೊಲಾಜೆನ್ ನಾರು ನೇಯಲು ತೊಡಗುತ್ತದೆ. ಒಮ್ಮೆ ಆದ ಗಾಯಕ್ಕೆ ಈ ನಾರು ಒಳ್ಳೆಯದೇ. ವರ್ಷಗಟ್ಟಲೆ ದಿನವೂ ಆಗುವ ಗಾಯಕ್ಕೆ ಅದು ಮೆತ್ತನೆಯ ಲಿವರ್ ಅನ್ನು ಹಂತಹಂತವಾಗಿ ಗಟ್ಟಿ ಮಾಡುತ್ತದೆ. ಹಂತಗಳನ್ನು ಎಫ್0ಯಿಂದ ಎಫ್4ರವರೆಗೆ ಗುರುತಿಸುತ್ತಾರೆ. ಎಫ್4 ಎಂದರೆ ಸಿರೋಸಿಸ್. ಬರೀ ಕೊಬ್ಬಿರುವ ಲಿವರ್‌ನಲ್ಲಿ ನಾರು ಒಂದು ಹಂತ ಏರಲು ಸರಾಸರಿ 14 ವರ್ಷ ಹಿಡಿದರೆ, ಉರಿಯೂತವೂ ಇರುವಲ್ಲಿ 7 ವರ್ಷ. ಎರಡು ಸಲ ಬಯಾಪ್ಸಿ ಮಾಡಿಸಿಕೊಂಡ ರೋಗಿಗಳ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಸಿಕ್ಕ ಲೆಕ್ಕ ಇದು. ನಿಧಾನವಾದ ಕಾಯಿಲೆ. ಮೂವತ್ತರಲ್ಲಿ ಶುರುವಾದದ್ದು ಐವತ್ತೈದರಲ್ಲಿ ಎದುರಾಗುತ್ತದೆ; ನಡುವಿನ ಇಪ್ಪತ್ತೈದು ವರ್ಷ ಅದನ್ನು ತಡೆಯಲು ಇದ್ದ ಅವಕಾಶ.

ಗಟ್ಟಿಯಾದ ಲಿವರ್‌ನಲ್ಲಿ ಕ್ಯಾನ್ಸರ್ ಏಕೆ ಹುಟ್ಟುತ್ತದೆ ಎಂದರೆ, ಸಾಯುವ ಕೋಶಗಳ ಜಾಗ ತುಂಬಲು ಉಳಿದವು ಮತ್ತೆ ಮತ್ತೆ ಒಡೆದು ಎರಡಾಗಬೇಕು. ಪ್ರತಿ ಸಲ ಡಿಎನ್ಎ ನಕಲಾಗುವಾಗಲೂ ತಪ್ಪಿಗೆ ಅವಕಾಶ, ಅದರಲ್ಲೂ ಉಗ್ರ ಕಣಗಳು ತುಂಬಿದ ಪರಿಸರದಲ್ಲಿ. ಸಾಮಾನ್ಯ ಕೋಶಕ್ಕೆ ಇಷ್ಟೇ ಸಲ ಒಡೆಯಬಹುದು ಎಂಬ ಮಿತಿಯಿದೆ. ಟರ್ಟ್ ಎಂಬ ಜೀನ್‌ನ ಸ್ವಿಚ್ಚಿನ ಜಾಗದಲ್ಲಿ ಆಗುವ ರೂಪಾಂತರ ಆ ಮಿತಿಯನ್ನು ಕಿತ್ತುಹಾಕುತ್ತದೆ. ಲಿವರ್ ಕ್ಯಾನ್ಸರ್‌ನಲ್ಲಿ ಅತಿ ಹೆಚ್ಚಾಗಿ, ಅತಿ ಬೇಗ ಕಾಣುವ ಬದಲಾವಣೆಗಳಲ್ಲಿ ಇದು ಮೊದಲನೆಯದು. ಇಂಥ ಕೋಶಗಳನ್ನು ಹುಡುಕಿ ಕೊಲ್ಲಬೇಕಾದ ರೋಗನಿರೋಧಕ ಪಡೆಯೂ ಕೊಬ್ಬಿನ ಲಿವರ್‌ನಲ್ಲಿ ದುರ್ಬಲವಾಗಿರುತ್ತದೆ. ಕೊಬ್ಬು ತುಂಬಿದ ಲಿವರ್ ಕೋಶಗಳು ಬಿಡುವ ಲಿನೋಲೆಯಿಕ್ ಆಮ್ಲ ಸಿಡಿ4 ಎಂಬ ಟಿ ಕೋಶಗಳನ್ನೇ ಸಾಯಿಸುತ್ತದೆ ಎಂಬುದನ್ನು 2016ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು.

ಹಾಗಾದರೆ ಫ್ಯಾಟಿ ಲಿವರ್ ಇರುವ ಒಬ್ಬರಿಗೆ ಅಪಾಯ ಎಷ್ಟು? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಯಿಂದ ಫ್ಯಾಟಿ ಲಿವರ್ ಇದ್ದ ಸುಮಾರು 2.97 ಲಕ್ಷ ಮಂದಿಯನ್ನು, ಅಷ್ಟೇ ಸಂಖ್ಯೆಯ ಇತರರ ಜೊತೆ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾಟಿ ಲಿವರ್ ಇದ್ದವರಲ್ಲಿ ಕ್ಯಾನ್ಸರ್ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚಿತ್ತು. ಆದರೂ ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಸುಮಾರು ಇಬ್ಬರಿಗೆ ಮಾತ್ರ ಕ್ಯಾನ್ಸರ್ ಬಂತು. ಸಿರೋಸಿಸ್ ಆದವರಲ್ಲಿ ಅದೇ ಲೆಕ್ಕ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು ನೂರಾ ಆರು. ಇಬ್ಬರು ಎಲ್ಲಿ, ನೂರಾ ಆರು ಎಲ್ಲಿ! ಗ್ರೇಡ್ ನೋಡಿ ಹೆದರುವವರೂ ಗ್ರೇಡ್ ನೋಡಿ ನಿಶ್ಚಿಂತರಾಗುವವರೂ ಗಮನಿಸಬೇಕಾದ ಅಂತರ ಇದು. ಇದರಲ್ಲಿ ಇನ್ನೊಂದು ವಿಚಿತ್ರವೂ ಇದೆ. ಲಿವರ್ ಪೂರ್ತಿ ನಾರಾಗಿ ಗಂಟುಗಟ್ಟಿದಾಗ ಎಷ್ಟೋ ಸಲ ಕೊಬ್ಬು ಕರಗಿ ಹೋಗಿರುತ್ತದೆ. ಮೂರು ವರ್ಷದ ಹಿಂದಿನ ಗ್ರೇಡ್ 2 ಈಗ ಗ್ರೇಡ್ 1 ಆಗಿದೆ ಎಂದು ಸಂತೋಷಪಡುವ ಮೊದಲು ಅದು ವಾಸಿಯಾದ ಲಕ್ಷಣವೋ, ಮುಂದುವರಿದ ಲಕ್ಷಣವೋ ವಿಚಾರಿಸಬೇಕು.

ಒಂದು ತೊಡಕು ಮಾತ್ರ ತಜ್ಞರನ್ನು ನಿಜಕ್ಕೂ ಕಾಡುತ್ತಿದೆ. ಹೆಪಟೈಟಿಸ್ ಸಿ ಅಥವಾ ಮದ್ಯದಿಂದ ಬರುವ ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಸಿರೋಸಿಸ್ ಆದ ಮೇಲೆಯೇ ಬರುತ್ತದೆ. ಫ್ಯಾಟಿ ಲಿವರ್‌ನಿಂದ ಬರುವ ಕ್ಯಾನ್ಸರ್ ಹಾಗಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ಐವರಲ್ಲಿ ಒಬ್ಬರಿಂದ ಹಿಡಿದು ಐವರಲ್ಲಿ ಇಬ್ಬರವರೆಗೆ, ರೋಗಿಗಳಿಗೆ ಸಿರೋಸಿಸ್ ಇರಲೇ ಇಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಗೆಡ್ಡೆ ದೊಡ್ಡದಾಗಿ ನೋವು ಕೊಟ್ಟಾಗಲೇ ಗೊತ್ತಾಗುವುದು. ಲಿವರ್‌ನ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ. ಹೊರಪೊರೆ ಹಿಗ್ಗಿದಾಗ ಮಾತ್ರ ನೋಯುತ್ತದೆ. ಕೋಟ್ಯಂತರ ಫ್ಯಾಟಿ ಲಿವರ್‌ನವರನ್ನೆಲ್ಲ ಆರಾರು ತಿಂಗಳಿಗೆ ಸ್ಕ್ಯಾನ್ ಮಾಡುವುದು ಯಾವ ದೇಶಕ್ಕೂ ಆಗದ ಮಾತು. ಇವರಲ್ಲಿ ಯಾರನ್ನು ಆರಿಸಬೇಕು ಎಂಬುದು ಇಂದಿಗೂ ಬಗೆಹರಿದಿಲ್ಲ.

‘ನಾನು ದಪ್ಪಗಿಲ್ಲವಲ್ಲ’ ಎಂಬ ಸಮಾಧಾನ ನಮ್ಮವರಿಗೆ ಅನ್ವಯಿಸುವುದಿಲ್ಲ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ಒಂದು ಫೋಟೊವನ್ನು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಇಬ್ಬರೂ ತೆಳ್ಳಗಿದ್ದಾರೆ, ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಮಂದಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ನಾಲ್ಕರಲ್ಲಿ ಮೂರು ಜನರ ಬಿಎಂಐ 25ಕ್ಕಿಂತ ಕಡಿಮೆ. ಬಡ ಹಳ್ಳಿಗರು, ದುಡಿಯುವ ಮೈ. ಆದ್ದರಿಂದ ನಮ್ಮಲ್ಲಿ ತೂಕದ ಯಂತ್ರಕ್ಕಿಂತ ಟೇಪು ನಂಬಿಕೆಗೆ ಅರ್ಹ: ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು. ವಂಶದ ಪಾಲೂ ಇದೆ. 2008ರಲ್ಲಿ ಅಮೆರಿಕದ ಡಲ್ಲಾಸ್‌ನ ಸಂಶೋಧಕರು ಪಿಎನ್‌ಪಿಎಲ್ಎ3 ಜೀನ್‌ನ ಒಂದು ರೂಪ ಲಿವರ್‌ನ ಕೊಬ್ಬನ್ನು ಹೆಚ್ಚಿಸುತ್ತದೆ ಎಂದು ಕಂಡುಹಿಡಿದರು. ಅದೇ ರೂಪ ಸಿರೋಸಿಸ್, ಕ್ಯಾನ್ಸರ್ ಎರಡರ ಅಪಾಯವನ್ನೂ ಏರಿಸುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು.

ಅಪಾಯ ಹೆಚ್ಚಿಸುವವುಗಳಲ್ಲಿ ಮೊದಲ ಹೆಸರು ಸಕ್ಕರೆ ಕಾಯಿಲೆಯದು. ಅದು ಲಿವರ್ ಕ್ಯಾನ್ಸರ್ ಸಾಧ್ಯತೆಯನ್ನು ಎರಡು ಪಟ್ಟಿಗೂ ಹೆಚ್ಚಿಸುತ್ತದೆ. ಭಾರತದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಇನ್ನೂ ಶೇ 15.3 ಮಂದಿ ಅದರ ಹೊಸ್ತಿಲಲ್ಲಿ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ‘ಯಾವಾಗಲೋ ಒಂದೆರಡು ಪೆಗ್’ ಎನ್ನುವವರು ತಿಳಿಯಬೇಕಾದದ್ದು, ಫ್ಯಾಟಿ ಲಿವರ್‌ನಿಂದ ಸಿರೋಸಿಸ್ ಆದವರಲ್ಲಿ ಅಷ್ಟು ಕುಡಿತವೂ ಕ್ಯಾನ್ಸರ್ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಉಂಟಾಗುವ ಅಫ್ಲಟಾಕ್ಸಿನ್ ಬೇರೆಯದೇ ದಾರಿಯಿಂದ ಲಿವರ್ ಕ್ಯಾನ್ಸರ್ ತರುವ ವಿಷ. ಮುಗ್ಗಲು ಕಾಳನ್ನು ಆರಿಸಿ ಬಿಸಾಡಬೇಕೇ ಹೊರತು ಹುರಿದು ತಿನ್ನಬಾರದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಇನ್ನು ‘ಲಿವರ್ ಕ್ಲೀನ್ ಮಾಡುವ’ ಕಷಾಯಗಳು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ರಸ ಕುಡಿದು ಲಿವರ್‌ಗೆ ಪೆಟ್ಟಾದವರ ವರದಿ ಮೊದಲು ಮುಂಬೈಯಿಂದ, ಆಮೇಲೆ ದೇಶದ ಹಲವು ಆಸ್ಪತ್ರೆಗಳಿಂದ ಬಂತು. ಗೊತ್ತಿಲ್ಲದೆ ಮೊದಲೇ ಲಿವರ್ ಕಾಯಿಲೆ ಇದ್ದವರೂ ಅವರಲ್ಲಿದ್ದರು. ದುರ್ಬಲ ಲಿವರ್‌ಗೆ ಮದ್ದೆಂದು ಕೊಟ್ಟದ್ದೇ ಹೊರೆಯಾಗುವುದನ್ನು ನೋಡಿಯೂ ಸುಮ್ಮನಿರುವುದು ಸರಿಯಲ್ಲ.

ಸ್ಕ್ಯಾನಿಂಗ್ ಹೇಳದ್ದನ್ನು ಹೇಳುವ ಒಂದು ಅಗ್ಗದ ಲೆಕ್ಕವಿದೆ, ಹೆಸರು ಫಿಬ್-4. ಬೇಕಾಗುವುದು ವಯಸ್ಸು, ಲಿವರ್ ರಕ್ತಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಇಷ್ಟೇ. ತಾಲ್ಲೂಕು ಕೇಂದ್ರದ ಲ್ಯಾಬ್‌ನಲ್ಲೂ ಇವು ಸಿಗುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಅನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. 55 ವರ್ಷದ ಒಬ್ಬರ ಎಸ್‌ಜಿಒಟಿ 48, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.6 ಲಕ್ಷ ಎಂದುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ ಒಂದಂಕಿ ಮಾತ್ರ ಗಡಿ ಚೂರು ದಾಟಿದೆ, ಉಳಿದೆಲ್ಲ ನಾರ್ಮಲ್. 55ನ್ನು 48ರಿಂದ ಗುಣಿಸಿದರೆ 2640, 160ನ್ನು 6ರಿಂದ ಗುಣಿಸಿದರೆ 960, ಉತ್ತರ 2.75. ಇದು 2.67ರ ಮೇಲಿರುವುದರಿಂದ ತೀವ್ರ ನಾರುಗಟ್ಟಿರುವ ಸಾಧ್ಯತೆ ಹೆಚ್ಚು, ತಜ್ಞರನ್ನು ಕಾಣಲೇಬೇಕು. ಇನ್ನೊಬ್ಬರು 38ರವರು, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.8 ಲಕ್ಷ. ರಿಪೋರ್ಟಿನಲ್ಲಿ ಎರಡೆರಡು ಅಂಕಿ ದಪ್ಪಕ್ಷರದಲ್ಲಿವೆ, ಮನೆಯವರು ಗಾಬರಿಯಾಗಿದ್ದಾರೆ. ಉತ್ತರ 0.81. 1.3ಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ತೀವ್ರ ನಾರಿನ ಸಾಧ್ಯತೆ ಕಡಿಮೆ. ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್ ಇದೆ. ಪಕ್ಕೆಲುಬಿನ ನಡುವೆ ಸಣ್ಣ ತಟ್ಟು ಕೊಟ್ಟು, ಆ ಅಲೆ ಎಷ್ಟು ವೇಗವಾಗಿ ಹೋಯಿತೆಂದು ನೋಡಿ ಲಿವರ್‌ನ ಗಡಸುತನ ಅಳೆಯುತ್ತದೆ. 8 ಕಿಲೊಪಾಸ್ಕಲ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ಫಿಬ್-4ಗೂ ಮಿತಿಗಳಿವೆ: 35ರೊಳಗಿನವರಲ್ಲಿ ಅದು ಅಷ್ಟು ನಂಬಲರ್ಹವಲ್ಲ, 65 ದಾಟಿದವರಲ್ಲಿ ಕೆಳಗಿನ ಗಡಿಯನ್ನು 2.0ಗೆ ಏರಿಸಬೇಕು, ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿರುವಾಗ ಲೆಕ್ಕ ಹಾಕಲೇಬಾರದು.

ಸಿರೋಸಿಸ್ ಇದೆ ಎಂದು ಖಚಿತವಾದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಬೇಕು. ಹೊಟ್ಟೆಯ ಕೊಬ್ಬು ದಪ್ಪಗಿದ್ದರೆ ಅಲ್ಟ್ರಾಸೌಂಡ್‌ಗೆ ಚಿಕ್ಕ ಗೆಡ್ಡೆ ಕಾಣದೆ ಹೋಗಬಹುದು. ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಈ ಪರೀಕ್ಷೆ ಕೈಕೊಡುವುದು ದೊಡ್ಡ ಕೊರತೆ. ಅಂಥವರಿಗೆ ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ. ಲಿವರ್‌ಗೆ ಹೋಗುವ ರಕ್ತದ ಮುಕ್ಕಾಲು ಭಾಗ ಕರುಳಿನಿಂದ ಬರುವ ಪೋರ್ಟಲ್ ನಾಳದ್ದು, ಗೆಡ್ಡೆ ಮಾತ್ರ ಅಪಧಮನಿಯ ರಕ್ತ ಕುಡಿದು ಬೆಳೆಯುತ್ತದೆ. ಹಾಗಾಗಿ ಔಷಧಿ ಚುಚ್ಚಿ ತೆಗೆದ ಸಿಟಿಯಲ್ಲಿ ಗೆಡ್ಡೆ ಮೊದಲು ಹೊಳೆದು ಆಮೇಲೆ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಎಷ್ಟೋ ಸಲ ಬಯಾಪ್ಸಿಯೇ ಬೇಡ. ಅದೇ ಅಪಧಮನಿಯೊಳಗೆ ನಳಿಕೆ ತೂರಿಸಿ ಔಷಧಿ ಬಿಟ್ಟು ದಾರಿ ಮುಚ್ಚುವ ‘ಟೇಸ್’ ಚಿಕಿತ್ಸೆಯೂ ಈ ವ್ಯತ್ಯಾಸವನ್ನೇ ಬಳಸಿಕೊಳ್ಳುತ್ತದೆ. ಚಿಕ್ಕ ಗೆಡ್ಡೆಯಾದರೆ ಕತ್ತರಿಸಬಹುದು, ಸೂಜಿಯಿಂದ ಸುಡಬಹುದು. ಒಂದೇ ಗೆಡ್ಡೆಯಿದ್ದು 5 ಸೆಂ.ಮೀ. ಮೀರದಿದ್ದರೆ, ಅಥವಾ ಮೂರರವರೆಗೆ ಇದ್ದು ಯಾವುದೂ 3 ಸೆಂ.ಮೀ. ದಾಟಿರದಿದ್ದರೆ ಲಿವರ್ ಕಸಿ ಮಾಡಿ ಕ್ಯಾನ್ಸರ್ ಮತ್ತು ಸಿರೋಸಿಸ್ ಎರಡನ್ನೂ ಒಟ್ಟಿಗೆ ತೆಗೆಯಬಹುದು ಎಂದು ಇಟಲಿಯ ಮಿಲಾನ್‌ನ ವೈದ್ಯರು 1996ರಲ್ಲೇ ತೋರಿಸಿದರು. ನಮ್ಮಲ್ಲಿ ಹೆಚ್ಚಿನ ಕಸಿ ನಡೆಯುವುದು ಮನೆಯವರೇ ಲಿವರ್‌ನ ಭಾಗ ಕೊಟ್ಟು. ಅಪ್ಪನಿಗೆ ಕೊಡಲು ಮುಂದೆ ಬಂದ ಮಗನನ್ನು ಪರೀಕ್ಷಿಸಿದರೆ ಅವನಿಗೂ ಫ್ಯಾಟಿ ಲಿವರ್; ತೂಕ ಇಳಿಸಿಕೊಂಡು ಬಾ ಎಂದು ವಾಪಸು ಕಳಿಸಬೇಕಾಗುತ್ತದೆ. ಆ ವಾರಗಳಲ್ಲಿ ಗೆಡ್ಡೆ ಕಾಯುವುದಿಲ್ಲ. ಮುಂದುವರಿದ ಕ್ಯಾನ್ಸರ್‌ಗೆ ಈಗ ಇಮ್ಯುನೊಥೆರಪಿ ಬಂದಿದೆ. ಫ್ಯಾಟಿ ಲಿವರ್‌ನಿಂದ ಹುಟ್ಟಿದ ಗೆಡ್ಡೆಗಳಿಗೆ ಅದು ಅಷ್ಟು ನಾಟುವುದಿಲ್ಲವೇನೋ ಎಂಬ ಅನುಮಾನವನ್ನು 2021ರ ಒಂದು ಅಧ್ಯಯನ ಎತ್ತಿತು, ಚರ್ಚೆ ಇನ್ನೂ ನಡೆದಿದೆ.

ಇಷ್ಟೆಲ್ಲದರ ನಡುವೆ ಭರವಸೆಗೆ ಗಟ್ಟಿ ಆಧಾರವಿದೆ: ಲಿವರ್ ಹಿಂದಕ್ಕೂ ಬರಬಲ್ಲದು. ಕ್ಯೂಬಾದ ವೈದ್ಯರು 293 ರೋಗಿಗಳಿಗೆ ಒಂದು ವರ್ಷ ಆಹಾರ, ವ್ಯಾಯಾಮದ ಮಾರ್ಗದರ್ಶನ ಕೊಟ್ಟು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಹತೂಕದ ಶೇ 10 ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 90 ಮಂದಿಗೆ ಉರಿಯೂತದ ಕಾಯಿಲೆ ಮಾಯವಾಗಿತ್ತು, ಶೇ 45 ಮಂದಿಯಲ್ಲಿ ನಾರೇ ಹಿಂದೆ ಸರಿದಿತ್ತು. ದುಃಖದ ಸಂಗತಿಯೆಂದರೆ ಅಷ್ಟು ತೂಕ ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಆದ್ದರಿಂದಲೇ ‘ತೂಕ ಇಳಿಸಿ’ ಎಂದು ಚೀಟಿ ಬರೆದು ಕಳಿಸುವುದನ್ನು ಚಿಕಿತ್ಸೆ ಎಂದು ನಾನು ಒಪ್ಪಲಾರೆ; ಜೊತೆಗಿದ್ದು ಕೊಡುವ ನೆರವು ಬೇಕು. ಔಷಧಿಗಳೂ ಬರುತ್ತಿವೆ. ಭಾರತದಲ್ಲಿ ಸರೋಗ್ಲಿಟಜಾರ್‌ಗೆ 2020ರಲ್ಲಿ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್‌ಗೆ, 2025ರಲ್ಲಿ ಸೆಮಾಗ್ಲುಟೈಡ್‌ಗೆ, ಎಫ್2, ಎಫ್3 ಹಂತದ ರೋಗಿಗಳಿಗೆಂದು ಒಪ್ಪಿಗೆ ದೊರೆಯಿತು. ಇವು ಕ್ಯಾನ್ಸರ್ ತಡೆಯುತ್ತವೆ ಎಂದು ತೋರಿಸಲು ಇನ್ನೂ ಹಲವು ವರ್ಷಗಳ ಅನುಸರಣೆ ಬೇಕು. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಅನೇಕ ದೇಶಗಳ ಅಧ್ಯಯನಗಳು ಕಂಡಿವೆ. ಚಿಕ್ಕಮಗಳೂರು, ಕೊಡಗಿನವರಿಗೆ ಖುಷಿಯ ಸುದ್ದಿ, ಸಕ್ಕರೆ ಬಿಟ್ಟು ಕುಡಿದರೆ.

ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ ಫ್ಯಾಟಿ ಲಿವರ್ ಅನ್ನು ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು, 2024ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲೆ ದಾರಿ ಸರಿಯಾಗಿದೆ. ನಡೆಯಬೇಕಾದ ಜಾಗ ಮಾತ್ರ ಲಿವರ್ ತಜ್ಞರ ಕೊಠಡಿಯಲ್ಲ, ಶುಗರ್ ಮಾತ್ರೆಗೆ ತಿಂಗಳಿಗೊಮ್ಮೆ ಸಾಲು ನಿಲ್ಲುವ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಬೀದಿಯ ಕ್ಲಿನಿಕ್. ಮಧುಮೇಹಿಗೆ ವರ್ಷಕ್ಕೊಮ್ಮೆ ಕಣ್ಣು, ಪಾದ, ಕಿಡ್ನಿ ನೋಡಬೇಕು ಎಂಬ ಅಭ್ಯಾಸ ನಮ್ಮಲ್ಲಿ ಈಗಾಗಲೇ ಬೇರೂರುತ್ತಿದೆ. ಆ ಪಟ್ಟಿಗೆ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸೇರಿಸಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಲು ಬೇಕಾದದ್ದು ಒಂದು ಕ್ಯಾಲ್ಕ್ಯುಲೇಟರ್ ಮತ್ತು ಎರಡು ನಿಮಿಷ. ನಿಮ್ಮ ಮನೆಯಲ್ಲಿ ಶುಗರ್ ಇರುವ, ನಲವತ್ತು ದಾಟಿದ ಯಾರದಾದರೂ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದಿದ್ದರೆ, ಮುಂದಿನ ಸಲ ಡಾಕ್ಟರನ್ನು ಕಂಡಾಗ ಗ್ರೇಡ್ ಎಷ್ಟು ಎಂದು ಕೇಳಬೇಡಿ. ಫಿಬ್-4 ಎಷ್ಟು ಎಂದು ಕೇಳಿ.